ಅವಸರವೂ ಬೇಡ, ಅಸಡ್ಡೆಯೂ ಬೇಡ

ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ‘ಅಂಡಾಶಯದಲ್ಲಿ ಸಿಸ್ಟ್’ ಎಂದು ಬರೆದದ್ದು ಕಂಡದ್ದೇ ತಡ, ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳತೊಡಗುತ್ತಾರೆ. ಅತ್ತೆ ‘ಗಡ್ಡೆಯಂತೆ’ ಎಂದು ಕಣ್ಣೀರಿಡುತ್ತಾರೆ. ಪಕ್ಕದ ಮನೆಯಾಕೆ ‘ನಮ್ಮ ನಾದಿನಿಗೂ ಹೀಗೇ ಆಗಿತ್ತು, ಗರ್ಭಕೋಶಾನೇ ತೆಗೆಸಿಬಿಟ್ಟರು’ ಎನ್ನುತ್ತಾಳೆ. ಗಂಡ ಮೊಬೈಲಿನಲ್ಲಿ ಹುಡುಕುತ್ತಾ ಕ್ಯಾನ್ಸರ್‌ ತನಕ ಹೋಗಿ ಬಂದಿರುತ್ತಾನೆ. ಇಷ್ಟರ ನಡುವೆ, ರಿಪೋರ್ಟು ಯಾರದೋ ಆ ಹೆಣ್ಣುಮಗಳು ಮಾತ್ರ ಬಾಯಿ ಬಿಡದೆ ಕೂತಿರುತ್ತಾಳೆ. ನನ್ನ ಮಾತು ಅವಳಿಗೆ.

ಹೆಂಗಸರ ವಾರ್ಡು, ಆಪರೇಷನ್ ಥಿಯೇಟರು ಅಂತ ನರ್ಸಾಗಿಯೇ ಆಯಸ್ಸು ಕಳೆದವಳು ನಾನು. ಡಾಕ್ಟರು ವಿವರಿಸುವ ಹೊತ್ತಿಗೆ ಬಂದವರಿಗೆ ಭಯಕ್ಕೆ ಏನೂ ತಲೆಗೆ ಹೋಗುವುದಿಲ್ಲ. ಹೊರಗೆ ಬಂದ ಮೇಲೆ ‘ಸಿಸ್ಟರ್, ಅವರು ಏನಂದರು?’ ಅಂತ ಕೇಳುವುದು ನಮ್ಮನ್ನೇ. ಹಾಗೆ ಕೇಳಿದವರಿಗೆಲ್ಲ ಹೇಳುತ್ತಾ ಬಂದದ್ದನ್ನೇ ನಿನಗೂ ಹೇಳುತ್ತೇನೆ ಮಗಳೇ, ಸಮಾಧಾನವಾಗಿ ಕೇಳು. ಈ ವಿಷಯದಲ್ಲಿ ನಮ್ಮ ಹೆಣ್ಣುಮಕ್ಕಳು ಕೆಡುವುದು ಎರಡೇ ಕಾರಣಕ್ಕೆ. ಕೆಲವರು ಹೆದರಿ, ಬೇಡದ ಆಪರೇಷನ್ನಿಗೆ ಒಪ್ಪಿಬಿಡುತ್ತಾರೆ. ಇನ್ನು ಕೆಲವರು ನಾಚಿ, ತೋರಿಸಲೇಬೇಕಾದ ನೋವನ್ನು ನುಂಗಿಕೊಂಡು ಕೂರುತ್ತಾರೆ. ಎರಡೂ ಆಗಬಾರದು.

ಮೊದಲು ಒಳಗೆ ನಡೆಯುವುದೇನು ಅಂತ ತಿಳಿದುಕೋ. ಗರ್ಭಕೋಶದ ಎಡಕ್ಕೊಂದು ಬಲಕ್ಕೊಂದು ಅಂಡಾಶಯ ಇದೆ. ಒಂದೊಂದೂ ಬಾದಾಮಿಯ ಆಕಾರ, ಉದ್ದ ಸುಮಾರು 3 ಸೆಂ.ಮೀ. ಪ್ರತಿ ತಿಂಗಳೂ ಎರಡರಲ್ಲೊಂದರಲ್ಲಿ ಒಂದು ನೀರುಗುಳ್ಳೆ ಬೆಳೆಯುತ್ತದೆ. ಅಂಡ ಇರುವುದು ಅದರೊಳಗೇ. ಗುಳ್ಳೆ 2 ಸೆಂ.ಮೀ. ಆಸುಪಾಸು ಬೆಳೆದಾಗ ಒಡೆದು ಅಂಡ ಹೊರಗೆ ಬರುತ್ತದೆ. ಒಡೆದ ಜಾಗ ಹಳದಿ ಗಂಟಾಗಿ ಎರಡು ವಾರ ಹಾರ್ಮೋನು ಕೊಟ್ಟು, ಬಸಿರು ನಿಲ್ಲದಿದ್ದರೆ ಕುಗ್ಗುತ್ತದೆ; ಆಮೇಲೆ ಮುಟ್ಟು. ಅಂದರೆ ಆರೋಗ್ಯವಾಗಿರುವ ಪ್ರತಿ ಹೆಣ್ಣಿನ ಅಂಡಾಶಯದಲ್ಲೂ ತಿಂಗಳು ತಿಂಗಳು ನೀರುಗುಳ್ಳೆ ಹುಟ್ಟಿ ಹೋಗುತ್ತಲೇ ಇರುತ್ತದೆ. ಒಂದೊಂದು ತಿಂಗಳು ಅದು ಒಡೆಯದೆ 4–5 ಸೆಂ.ಮೀ.ವರೆಗೆ ಹಿಗ್ಗಬಹುದು. ಒಡೆದ ಮೇಲೆ ಆ ಹಳದಿ ಗಂಟಿನಲ್ಲೇ ನೀರೋ ರಕ್ತವೋ ತುಂಬಿಕೊಳ್ಳಬಹುದು. ಸ್ಕ್ಯಾನಿಂಗ್‌ನಲ್ಲಿ ಸಿಸ್ಟ್ ಎಂದು ಕಾಣುವುದು ಬಹಳ ಸಲ ಇವೇ. ಇವನ್ನು ಫಂಕ್ಷನಲ್ ಸಿಸ್ಟ್ ಅನ್ನುತ್ತಾರೆ. ಎರಡು ಮೂರು ಮುಟ್ಟು ಕಳೆಯುವುದರೊಳಗೆ ಬಹುಪಾಲು ತಾವಾಗಿಯೇ ಮಾಯವಾಗುತ್ತವೆ.

ಹಾಗಾಗಿಯೇ ಡಾಕ್ಟರು ಔಷಧಿ ಬರೆಯದೆ ‘ಎರಡು ಮೂರು ತಿಂಗಳು ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿಸಿ’ ಅಂದರೆ, ಅವರು ನಿನ್ನನ್ನು ಕಡೆಗಣಿಸಿದರು ಅಂದುಕೊಳ್ಳಬೇಡ. ಕಾದು ನೋಡುವುದೂ ಒಂದು ಚಿಕಿತ್ಸೆಯೇ. ಗರ್ಭನಿರೋಧಕ ಮಾತ್ರೆ ಕೊಟ್ಟು ಕರಗಿಸುವ ರೂಢಿ ಹಿಂದೆ ಇತ್ತು. ಇರುವ ಗುಳ್ಳೆಯನ್ನು ಆ ಮಾತ್ರೆ ಬೇಗ ಕರಗಿಸುವುದಿಲ್ಲ ಅಂತ ಅಧ್ಯಯನಗಳು ತೋರಿಸಿವೆ. ಪದೇ ಪದೇ ಹೊಸದು ಹುಟ್ಟುವವರಿಗೆ ತಡೆಯಲು ಮಾತ್ರ ಅದು ಉಪಯೋಗಕ್ಕೆ ಬರುತ್ತದೆ. ಇದೇ ಎರಡು ಮೂರು ತಿಂಗಳಲ್ಲಿ ಯಾರೋ ಹೇಳಿದ ಕಷಾಯವೋ ಪುಡಿಯೋ ಕುಡಿದಿದ್ದರೆ, ಗುಳ್ಳೆ ತಾನಾಗಿ ಹೋದದ್ದಕ್ಕೆ ಕೀರ್ತಿ ಕಷಾಯಕ್ಕೆ ಹೋಗುತ್ತದೆ. ‘ಅವಳಿಗೆ ಕರಗಿತಲ್ಲ’ ಎಂದು ಬೇರೆ ಜಾತಿಯ ಸಿಸ್ಟ್ ಇರುವ ಇನ್ನೊಬ್ಬಳು ಅದನ್ನೇ ನಂಬಿ ವರ್ಷ ಕಳೆಯುತ್ತಾಳೆ. ಏನೇ ಕುಡಿದರೂ ಡಾಕ್ಟರು ಹೇಳಿದ ಮರು ಸ್ಕ್ಯಾನಿಂಗ್ ಮಾತ್ರ ತಪ್ಪಿಸಬೇಡ. ಅದನ್ನೂ ಮುಟ್ಟು ಮುಗಿದ ವಾರದಲ್ಲಿ ಮಾಡಿಸು. ಮುಂದಿನ ಮುಟ್ಟು ಹತ್ತಿರವಾದಾಗ ಮಾಡಿಸಿದರೆ ಆ ತಿಂಗಳಿನ ಹೊಸ ಗುಳ್ಳೆಯೇ ಕಣ್ಣಿಗೆ ಬಿದ್ದು ಹಳೆಯದು ಇನ್ನೂ ಇದೆ ಎನಿಸಬಹುದು.

ಈಗ ಆ ರಿಪೋರ್ಟನ್ನು ಕೈಗೆ ತಗೋ. ಇಂಗ್ಲಿಷಿನಲ್ಲಿದೆ ಅಂತ ಮಡಿಚಿಡಬೇಡ. ನೋಡಬೇಕಾದದ್ದು ನಾಲ್ಕೇ ಸಂಗತಿ. ಒಂದು, ಯಾವ ಕಡೆ, ಎಷ್ಟು ಸೆಂ.ಮೀ. ಕೆಲವು ಕಡೆ ಮಿಲಿಮೀಟರಿನಲ್ಲಿ ಬರೆಯುತ್ತಾರೆ, 42 ಮಿ.ಮೀ. ನೋಡಿ 42 ಸೆಂ.ಮೀ. ಅಂತ ಎದೆ ಒಡೆದುಕೊಂಡವರಿದ್ದಾರೆ, ಅದು ಬರೀ 4.2 ಸೆಂ.ಮೀ. ಎರಡು, ‘ಸಿಂಪಲ್’ ಅಥವಾ ‘ಕ್ಲಿಯರ್’ ಎಂದಿದೆಯೇ. ಇದ್ದರೆ ಒಳಗಿರುವುದು ತಿಳಿನೀರು, ಗೋಡೆ ತೆಳು. ಮುಟ್ಟಾಗುವ ವಯಸ್ಸಿನವಳಿಗೆ ಇದು ನೆಮ್ಮದಿಯ ಮಾತು. ಮೂರು, ‘ಸೆಪ್ಟೇಷನ್’ ಅಂದರೆ ಒಳಗೆ ತಡಿಕೆಗಳಿವೆ, ‘ಸಾಲಿಡ್’ ಅಂದರೆ ಗಟ್ಟಿ ಭಾಗ ಇದೆ, ‘ಫ್ರೀ ಫ್ಲೂಯಿಡ್’ ಅಂದರೆ ಹೊಟ್ಟೆಯೊಳಗೆ ನೀರು ನಿಂತಿದೆ. ಸ್ವಲ್ಪ ನೀರು ಸಹಜ. ಗಟ್ಟಿ ಭಾಗ, ಅದರಲ್ಲಿ ರಕ್ತ ಸಂಚಾರ, ಜಾಸ್ತಿ ನೀರು ಇವುಗಳಲ್ಲಿ ಯಾವುದಿದ್ದರೂ ಮುಂದಿನ ಪರೀಕ್ಷೆ ಬೇಕೇ ಬೇಕು. ನಾಲ್ಕು, ಈಚೆಗೆ ಕೆಲವು ಸೆಂಟರುಗಳಲ್ಲಿ ‘ಓ-ರ‍್ಯಾಡ್ಸ್’ ಎಂಬ ಅಂಕ ಕೊಡುತ್ತಾರೆ. 2 ಇದ್ದರೆ ಕ್ಯಾನ್ಸರಿನ ಸಾಧ್ಯತೆ ನೂರಕ್ಕೆ ಒಂದಕ್ಕಿಂತ ಕಡಿಮೆ. 4 ಅಥವಾ 5 ಇದ್ದರೆ ತಡಮಾಡದೆ ತಜ್ಞರ ಹತ್ತಿರ ಹೋಗಬೇಕು.

ತಿಳಿನೀರಿನ ಗುಳ್ಳೆ 5 ಸೆಂ.ಮೀ. ಒಳಗಿದ್ದು ಮುಟ್ಟಾಗುವ ವಯಸ್ಸಿನವಳಾಗಿದ್ದರೆ ಸಾಮಾನ್ಯವಾಗಿ ಏನೂ ಮಾಡಬೇಕಾಗಿಲ್ಲ. 5ರಿಂದ 7 ಸೆಂ.ಮೀ. ಇದ್ದರೆ ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿ ಕಣ್ಣಿಡುತ್ತಾರೆ. 7 ಸೆಂ.ಮೀ. ದಾಟಿದರೆ ಎಂಆರ್‌ಐ ಅಥವಾ ಆಪರೇಷನ್ ಮಾತು ಬರುತ್ತದೆ. ಇದು ಡಾಕ್ಟರುಗಳು ಅನುಸರಿಸುವ ಒಂದು ಅಳತೆ. ನಿನ್ನ ನೋವು, ನಿನ್ನ ವಯಸ್ಸು ನೋಡಿ ಅವರು ಹೆಚ್ಚುಕಡಿಮೆ ಮಾಡುತ್ತಾರೆ.

ರಿಪೋರ್ಟಿನಲ್ಲಿ ‘ಪಿಸಿಓಡಿ’ ಎಂದಿದ್ದರೆ ಅದು ಇದಕ್ಕಿಂತ ಬೇರೆಯೇ ವಿಚಾರ. ಅದರಲ್ಲಿ ಕಾಣುವುದು ಸಿಸ್ಟ್ ಅಲ್ಲ. ಒಡೆಯುವಷ್ಟು ಬೆಳೆಯದೆ ನಿಂತ, 1 ಸೆಂ.ಮೀ. ಕೂಡ ಇಲ್ಲದ ಪುಟ್ಟ ಪುಟ್ಟ ಗುಳ್ಳೆಗಳು. ಅಲ್ಲಿ ತೊಂದರೆ ಇರುವುದು ಹಾರ್ಮೋನಿನ ಏರುಪೇರಿನಲ್ಲಿ. ತಿಂಗಳು ತಪ್ಪುವುದು, ಮುಖದ ಮೇಲೆ ಕೂದಲು, ಮೊಡವೆ, ತೂಕ ಏರುವುದು ಅದರ ಲಕ್ಷಣ. ಆ ಗುಳ್ಳೆ ತೆಗೆಸುವ ಪ್ರಶ್ನೆಯೇ ಇಲ್ಲ. ಊಟ, ನಡಿಗೆ, ಮಾತ್ರೆ ಅದರ ದಾರಿ.

ತಾನಾಗಿ ಹೋಗದ ಸಿಸ್ಟ್‌ಗಳಲ್ಲಿ ಮುಖ್ಯವಾದ ಎರಡನ್ನು ತಿಳಿದುಕೋ. ಮೊದಲನೆಯದು ಡರ್ಮಾಯ್ಡ್, ವಯಸ್ಸಿನ ಹುಡುಗಿಯರಲ್ಲಿ ಸಾಮಾನ್ಯ. ಥಿಯೇಟರಿನಲ್ಲಿ ತೆಗೆದ ಡರ್ಮಾಯ್ಡನ್ನು ಟ್ರೇಯಲ್ಲಿಟ್ಟು ಸೀಳಿದರೆ ತುಪ್ಪದ ಬಣ್ಣದ ಜಿಡ್ಡು ಹೊರಬರುತ್ತದೆ. ಅದರ ಮಧ್ಯೆ ಅಂಟಿಕೊಂಡ ಉದ್ದುದ್ದ ಕೂದಲು, ಕೆಲವೊಮ್ಮೆ ಪೂರಾ ಬೆಳೆದ ಒಂದು ಹಲ್ಲು. ಮನೆಯವರನ್ನು ಕರೆದು ತೋರಿಸಿದರೆ ‘ಯಾರೋ ಮಾಟ ಮಾಡಿಸಿದ್ದಾರೆ’ ಎಂದು ಬೆವರುತ್ತಿದ್ದರು. ಮಾಟವೂ ಅಲ್ಲ, ಮಗುವೂ ಅಲ್ಲ. ಚರ್ಮ, ಕೂದಲು, ಹಲ್ಲು ಏನು ಬೇಕಾದರೂ ಆಗಬಲ್ಲ ಕಣಗಳು ಅಂಡಾಶಯದಲ್ಲಿ ಹುಟ್ಟಿನಿಂದಲೇ ಇರುತ್ತವೆ. ಅವುಗಳಲ್ಲೊಂದು ತಪ್ಪಿ ಬೆಳೆದರೆ ಹೀಗಾಗುತ್ತದೆ. ಮದುವೆಗೆ ಮುಂಚೆಯೇ ಕಂಡರೂ ಅದು ಹುಡುಗಿಯ ನಡತೆಯ ಮಾತಲ್ಲ. ಯಾವ ಮಾತ್ರೆಗೂ ಅದು ಕರಗುವುದಿಲ್ಲ, ಕ್ಯಾನ್ಸರಾಗುವುದು ತೀರಾ ಅಪರೂಪ. ಚಿಕ್ಕದಾಗಿದ್ದರೆ ಕಾಯಬಹುದು, ದೊಡ್ಡದಾದರೆ ತಿರುಚಿಕೊಳ್ಳುವ ಅಪಾಯ ಇರುವುದರಿಂದ ತೆಗೆಯುತ್ತಾರೆ.

ಎರಡನೆಯದು ಚಾಕೊಲೇಟ್ ಸಿಸ್ಟ್. ಗರ್ಭಕೋಶದ ಒಳಪದರದಂಥದೇ ಪದರ ಅಂಡಾಶಯದ ಮೇಲೆ ಬೆಳೆದು, ತಿಂಗಳು ತಿಂಗಳು ಅಲ್ಲೂ ರಕ್ತ ಒಸರಿ, ಹೊರಗೆ ಹೋಗಲು ದಾರಿಯಿಲ್ಲದೆ ಕಂದು ಬಣ್ಣಕ್ಕೆ ಮಂದವಾಗಿ ನಿಂತಿರುತ್ತದೆ. ಮೂಲ ಕಾಯಿಲೆಯ ಹೆಸರು ಎಂಡೊಮೆಟ್ರಿಯೋಸಿಸ್. ಇದಿದ್ದವರಿಗೆ ಮುಟ್ಟಿನ ನೋವು ವರ್ಷ ವರ್ಷ ಏರುತ್ತಾ ಹೋಗುತ್ತದೆ. ಗಂಡನ ಜೊತೆ ಸೇರುವಾಗ, ಮುಟ್ಟಿನ ದಿನಗಳಲ್ಲಿ ಮಲವಿಸರ್ಜನೆಗೆ ಕೂತಾಗ ಒಳಗೆ ಚುಚ್ಚುತ್ತದೆ. ‘ಹೆಣ್ಣಾಗಿ ಹುಟ್ಟಿದ ಮೇಲೆ ಇಷ್ಟೂ ತಡಕೊಳ್ಳಬೇಡವೇ’, ‘ಮದುವೆಯಾಗಿ ಒಂದು ಮಗುವಾದರೆ ಸರಿಹೋಗುತ್ತೆ’ ಅಂತ ಹೇಳಿ ಹೇಳಿ ಆ ಹುಡುಗಿಯ ಬಾಯಿ ಮುಚ್ಚಿಸುತ್ತೇವೆ. ಕಾಲೇಜಿಗೆ ರಜೆ ಹಾಕಿ ಹಾಸಿಗೆ ಹಿಡಿಯುವಷ್ಟು ನೋವು ಪ್ರತಿ ತಿಂಗಳೂ ಬರುತ್ತಿದ್ದರೆ ಅದು ತಡೆದುಕೊಳ್ಳಬೇಕಾದ ನೋವಲ್ಲ, ತೋರಿಸಬೇಕಾದ ನೋವು. ಈ ಕಾಯಿಲೆಗೆ ಹಾರ್ಮೋನು ಮಾತ್ರೆಗಳಿವೆ. ನೋವು ಇಳಿಯುತ್ತದೆ, ಗಾತ್ರವೂ ಕುಗ್ಗಬಹುದು. ಆಪರೇಷನ್ ಮಾಡುವ ಮೊದಲು ಮಾತ್ರ ಎರಡು ಸಲ ಯೋಚಿಸಬೇಕು, ಯಾಕೆಂದರೆ ಚಾಕೊಲೇಟ್ ಸಿಸ್ಟ್ ಬಿಡಿಸುವಾಗ ಅಂಡಾಶಯದ ಒಳ್ಳೆಯ ಭಾಗವೂ ಸ್ವಲ್ಪ ಹೋಗುತ್ತದೆ. ಮಗು ಬೇಕೆನ್ನುವವಳು ‘ಎಎಂಎಚ್ ರಕ್ತಪರೀಕ್ಷೆ ಮೊದಲು ಮಾಡಿಸೋಣವೇ ಡಾಕ್ಟ್ರೇ?’ ಅಂತ ಬಾಯಿಬಿಟ್ಟು ಕೇಳಬೇಕು. ಅಂಡಗಳ ದಾಸ್ತಾನು ಎಷ್ಟಿದೆ ಎಂಬ ಅಂದಾಜು ಅದರಿಂದ ಸಿಗುತ್ತದೆ.

ಬಹಳಷ್ಟು ಸಿಸ್ಟ್‌ಗಳು ಸದ್ದೇ ಮಾಡುವುದಿಲ್ಲ. ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿದಾಗ ಕಾಣುತ್ತವೆ. ದೊಡ್ಡದಾದಾಗ ಕಿಬ್ಬೊಟ್ಟೆಯ ಒಂದು ಪಕ್ಕ ಭಾರ, ಮಂದ ನೋವು, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು, ಹೊಟ್ಟೆ ಉಬ್ಬರ ಕಾಣಿಸಿಕೊಳ್ಳುತ್ತವೆ. ಇವಕ್ಕೆ ನಾಳೆ ನಾಡಿದ್ದು ಹೋದರೂ ನಡೆಯುತ್ತದೆ. ಆದರೆ ಒಂದು ನೋವಿಗೆ ಗಂಟೆಗಳ ಲೆಕ್ಕ. ಇದ್ದಕ್ಕಿದ್ದಂತೆ ಕಿಬ್ಬೊಟ್ಟೆಯ ಒಂದು ಪಕ್ಕ ಹಿಂಡಿದ ಹಾಗೆ ನೋವು, ಜೊತೆಗೆ ವಾಂತಿ. ಸಿಸ್ಟ್‌ನ ಭಾರಕ್ಕೆ ಅಂಡಾಶಯ ತನ್ನ ಬುಡದಲ್ಲೇ ತಿರುಚಿಕೊಂಡು ರಕ್ತ ಸಂಚಾರ ನಿಂತಿರುತ್ತದೆ. 5 ಸೆಂ.ಮೀ. ದಾಟಿದ ಸಿಸ್ಟ್ ಇರುವವರಿಗೆ ಈ ಅಪಾಯ ಹೆಚ್ಚು.

ಪಿಯುಸಿ ಓದುವ ಹುಡುಗಿಯೊಬ್ಬಳಿಗೆ ಹೀಗೇ ಸಂಜೆ ನೋವು ಶುರುವಾಗಿತ್ತು. ಗ್ಯಾಸು ಅಂತ ಮನೆಯಲ್ಲಿ ಜೀರಿಗೆ ಕಷಾಯ ಕೊಟ್ಟರು, ಇಂಗು ಕೊಟ್ಟರು, ಹೊಟ್ಟೆ ತಿಕ್ಕಿಸಿದರು. ಮದುವೆಯಾಗದ ಹುಡುಗಿಯನ್ನು ಹೆರಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದರೆ ಜನ ಏನಂದಾರು ಎಂಬುದೇ ತಾಯಿಯ ಚಿಂತೆ. ಮಾರನೆಯ ದಿನ ಮಧ್ಯಾಹ್ನ ನಮ್ಮಲ್ಲಿಗೆ ತಂದಾಗ ಒಳಗೆ ಅಂಡಾಶಯ ಮೂರು ಸುತ್ತು ತಿರುಚಿಕೊಂಡು ಕೊಳೆತ ಸ್ಥಿತಿಗೆ ಬಂದಿತ್ತು, ತೆಗೆಯಲೇಬೇಕಾಯಿತು. ಅದೇ ತೊಂದರೆಗೆ ರಾತ್ರಿಯೇ ಬಂದವರನ್ನೂ ನೋಡಿದ್ದೇನೆ. ಸುತ್ತು ಬಿಡಿಸಿ, ಬಿಸಿ ಸಲೈನ್ ಹಾಕಿ ಕಾಯುತ್ತಾರೆ. ಕರಿನೀಲಿಯಾಗಿದ್ದ ಅಂಡಾಶಯಕ್ಕೆ ಮೆಲ್ಲಗೆ ಕೆಂಪು ಬಣ್ಣ ಮರಳುವುದನ್ನು ಕಣ್ಣಾರೆ ಕಂಡಿದ್ದೇನೆ. ಬಣ್ಣ ಪೂರ್ತಿ ಮರಳದಿದ್ದರೂ ಈಗ ಸಾಧ್ಯವಾದಷ್ಟು ಉಳಿಸುತ್ತಾರೆ, ಎಷ್ಟೋ ಸಲ ಅದು ಚೇತರಿಸಿಕೊಳ್ಳುತ್ತದೆ. ಉಳಿಯುವುದೂ ಹೋಗುವುದೂ ನೀನು ಎಷ್ಟು ಹೊತ್ತಿಗೆ ಹೊರಟೆ ಎಂಬುದರ ಮೇಲಿದೆ.

ಮದುವೆಯಾಗದ ಹುಡುಗಿಗೆ ಹೊಟ್ಟೆಯ ಮೇಲಿನಿಂದಲೇ ಸ್ಕ್ಯಾನ್ ಮಾಡುತ್ತಾರೆ. ನೀರು ಕುಡಿದು ಮೂತ್ರ ತುಂಬಿಸಿಕೊಂಡು ಹೋದರೆ ಸಾಕು. ಒಳಗಿನಿಂದ ಮಾಡುವ ಸ್ಕ್ಯಾನಿಂಗ್ ಅವಳಿಗೆ ಮಾಡುವುದಿಲ್ಲ. ತಾಯಂದಿರು ಇದನ್ನು ತಿಳಿದರೆ ಅರ್ಧ ಹಿಂಜರಿಕೆ ಹೋಗುತ್ತದೆ.

ಸಿಸ್ಟ್ ಒಡೆದು ಒಳಗೆ ರಕ್ತಸ್ರಾವ ಆದರೂ ತಕ್ಷಣ ಓಡಬೇಕು: ನೋವಿನ ಜೊತೆ ತಲೆಸುತ್ತು, ಕಣ್ಣು ಕತ್ತಲೆ, ಬೆವರು, ಮುಖ ಬಿಳಿಚುವುದು, ಭುಜದ ತುದಿಯಲ್ಲಿ ನೋವು. ಮುಟ್ಟು ತಪ್ಪಿದ್ದು ಹೀಗಾದರೆ, ಗರ್ಭಕೋಶದ ಬದಲು ನಳಿಕೆಯಲ್ಲಿ ನಿಂತ ಬಸಿರೂ ಇರಬಹುದು. ಅದಕ್ಕೇ ಮೂತ್ರಪರೀಕ್ಷೆ ಮಾಡುತ್ತಾರೆ. ಮುಜುಗರ ಬೇಡ, ಕೇಳಿದ್ದಕ್ಕೆ ನಿಜ ಹೇಳು. ರಾತ್ರಿ ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡು. ಬಸಿರಿಯಾದವಳಿಗೆ ಮೊದಲ ಸ್ಕ್ಯಾನಿಂಗ್‌ನಲ್ಲೇ ಸಿಸ್ಟ್ ಕಂಡರೆ ಗಾಬರಿಯಾಗುವುದು ಬೇಡ. ಬಹಳ ಸಲ ಬಸಿರಿಗೆ ಆಸರೆಯಾದ ಆ ಹಳದಿ ಗಂಟೇ ಅದಾಗಿರುತ್ತದೆ. ನಾಲ್ಕನೇ ತಿಂಗಳ ಹೊತ್ತಿಗೆ ಸಾಮಾನ್ಯವಾಗಿ ಕರಗುತ್ತದೆ.

ಆಪರೇಷನ್ ಬೇಕು ಅಂದರೆ ಹೆದರಿ ತಲೆಯಾಡಿಸಬೇಡ, ಕೇಳು: ‘ಇದು ಯಾವ ಬಗೆಯ ಸಿಸ್ಟ್? ಕಾದರೆ ಏನಾಗುತ್ತದೆ? ಸಿಸ್ಟ್ ಮಾತ್ರ ತೆಗೆಯುತ್ತೀರೋ, ಅಂಡಾಶಯವನ್ನೂ ತೆಗೆಯುತ್ತೀರೋ?’ ವಯಸ್ಸಿನ ಹೆಣ್ಣುಮಕ್ಕಳಿಗೆ ಸಾಮಾನ್ಯ ಸಿಸ್ಟ್ ಆಗಿದ್ದರೆ, ಗುಳ್ಳೆಯನ್ನಷ್ಟೇ ಬಿಡಿಸಿ ಅಂಡಾಶಯ ಉಳಿಸುವುದು ಸರಿಯಾದ ದಾರಿ. ಒಂದನ್ನು ತೆಗೆಯಲೇಬೇಕಾಗಿ ಬಂದರೂ ಇನ್ನೊಂದು ಚೆನ್ನಾಗಿದ್ದರೆ ಮುಟ್ಟು ಬರುತ್ತದೆ, ಮಕ್ಕಳಾಗುತ್ತಾರೆ. ಸಣ್ಣ ತೂತಿನ ಆಪರೇಷನ್ನಾದ ಲ್ಯಾಪರೋಸ್ಕೋಪಿಯಲ್ಲಿ ಹೊಕ್ಕುಳ ಹತ್ತಿರ 1 ಸೆಂ.ಮೀ. ತೂತು, ಕೆಳಗೆ ಇನ್ನೆರಡು ಮೂರು ಸಣ್ಣವು. ಒಂದೆರಡು ದಿನದಲ್ಲಿ ಮನೆಗೆ ಬರಬಹುದು. ಹೊಟ್ಟೆ ಉಬ್ಬಿಸಲು ತುಂಬಿದ ಗ್ಯಾಸಿನಿಂದ ಒಂದೆರಡು ದಿನ ಭುಜ ನೋಯುತ್ತದೆ. ಅದು ಹೃದಯದ ನೋವೆಂದು ಗಾಬರಿಯಾದವರನ್ನು ಎಷ್ಟು ಸಲ ಸಮಾಧಾನ ಮಾಡಿದ್ದೇನೋ. ತೆಗೆದದ್ದನ್ನು ಬಯಾಪ್ಸಿಗೆ ಕಳಿಸಿದರೇ ಅಂತ ಕೇಳು. ಹೊಲಿಗೆ ಬಿಚ್ಚಿಸಿದ್ದೇ ಮುಗಿಯಿತು ಎಂದುಕೊಂಡು ಆ ರಿಪೋರ್ಟು ತಗೊಳ್ಳದೆ ಹೋಗುವವರೇ ಬಹಳ.

ಇಲ್ಲೊಂದು ಕಟ್ಟುನಿಟ್ಟಿನ ಮಾತು. ‘ಗಡ್ಡೆ ಇದೆ, ಬಿಟ್ಟರೆ ಕ್ಯಾನ್ಸರ್ ಆಗುತ್ತೆ, ಹೇಗೂ ಮಕ್ಕಳಾಗಿವೆ, ಗರ್ಭಕೋಶಾನೇ ತೆಗೆಸಿಬಿಡು’ ಅಂತ ಯಾರಾದರೂ ಅವಸರ ಮಾಡಿದರೆ ಅಲ್ಲಿಂದ ಎದ್ದು ಬಾ. ಸಿಸ್ಟ್ ಇರುವುದು ಅಂಡಾಶಯದಲ್ಲಿ, ಗರ್ಭಕೋಶದಲ್ಲಲ್ಲ. ಕಲಬುರಗಿ ಜಿಲ್ಲೆಯ ತಾಂಡಾ, ಹಳ್ಳಿಗಳ ಬಡ ಹೆಂಗಸರಿಗೆ, ಇನ್ನೂ ಚಿಕ್ಕ ವಯಸ್ಸಿನವರಿಗೆ, ಹೀಗೆ ಹೆದರಿಸಿ ಗರ್ಭಕೋಶ ತೆಗೆದದ್ದು 2015ರಲ್ಲಿ ದೊಡ್ಡ ಸುದ್ದಿಯಾಗಿ ತನಿಖೆಯಾಯಿತು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಜಾರಿಗೆ ತರಬೇಕೆಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟೇ ರಾಜ್ಯಗಳಿಗೆ ಹೇಳಿತು. ಗರ್ಭಕೋಶದ ಜೊತೆಗೆ 45ರೊಳಗೆ ಎರಡೂ ಅಂಡಾಶಯವೂ ಹೋದರೆ ರಾತ್ರಿಯೆಲ್ಲ ಮೈ ಸುಡುತ್ತದೆ, ಮೂಳೆ ಸವೆಯುತ್ತದೆ, ಹೃದಯದ ಕಾಯಿಲೆಗೂ ದಾರಿಯಾಗುತ್ತದೆ. ಕೂಲಿ ಮಾಡುವವಳಿಗೆ ಸೊಂಟವೇ ಹೋದರೆ ಬದುಕುವುದು ಹೇಗೆ? ಎರಡನೇ ಡಾಕ್ಟರ ಅಭಿಪ್ರಾಯ ಕೇಳು. ಅದು ಅವಿಶ್ವಾಸವಲ್ಲ, ನಿನ್ನ ಹಕ್ಕು. ಬೆಂಗಳೂರಿನ ವಾಣಿವಿಲಾಸ, ಮೈಸೂರಿನ ಚೆಲುವಾಂಬ, ಜಿಲ್ಲಾ ಆಸ್ಪತ್ರೆಗಳಲ್ಲಿ ಹೆಂಗಸರ ತಜ್ಞರಿದ್ದಾರೆ. ಬಿಪಿಎಲ್ ಕಾರ್ಡು ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಗೆ ಅವಕಾಶವಿದೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ವಿಚಾರಿಸು.

ಮುಟ್ಟು ನಿಂತ ನಿನ್ನ ಅಮ್ಮನದು, ಅತ್ತೆಯದು ಬೇರೆ ಲೆಕ್ಕ. ಆ ವಯಸ್ಸಿನಲ್ಲೂ ಚಿಕ್ಕ ತಿಳಿನೀರಿನ ಗುಳ್ಳೆ ಇರಬಹುದು, ನೋಡಿಕೊಂಡರೆ ಸಾಕು. ಆದರೆ ಹೊಟ್ಟೆ ದಿನೇ ದಿನೇ ದಪ್ಪವಾಗುತ್ತಾ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗಿ, ಕಿಬ್ಬೊಟ್ಟೆ ನೋವು ಎರಡು ಮೂರು ವಾರ ಬಿಡದೆ ಇದ್ದರೆ ಗ್ಯಾಸಿನ ಮಾತ್ರೆಯಲ್ಲಿ ಕಾಲ ಕಳೆಯಬೇಡಿ. ಅಂಡಾಶಯದ ಕ್ಯಾನ್ಸರ್ ಬರುವುದು ಹೀಗೆ ಸದ್ದಿಲ್ಲದೆ. ತಾಯಿಗೋ ಅಕ್ಕತಂಗಿಗೋ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿದ್ದರೆ ಡಾಕ್ಟರಿಗೆ ತಪ್ಪದೆ ಹೇಳಬೇಕು. ಸಿಎ-125 ಎಂಬ ರಕ್ತಪರೀಕ್ಷೆ ಬರೆಯುತ್ತಾರೆ, 35ರೊಳಗಿದ್ದರೆ ಸಹಜ. ಅದು ಏರಿದ ಮಾತ್ರಕ್ಕೆ ಕ್ಯಾನ್ಸರ್ ಅಲ್ಲ. ಚಾಕೊಲೇಟ್ ಸಿಸ್ಟ್‌, ಫೈಬ್ರಾಯ್ಡ್, ಹೊಟ್ಟೆಯ ಟಿಬಿ, ಬರೀ ಮುಟ್ಟಿಗೂ ಏರುತ್ತದೆ. ಅನುಮಾನ ಬಲವಾಗಿದ್ದರೆ ಸೂಜಿ ಚುಚ್ಚಿ ಸಿಸ್ಟಿನ ನೀರು ತೆಗೆಸಲು ಒಪ್ಪದೆ ನೇರವಾಗಿ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ. ಅಲ್ಲಿಯ ತಜ್ಞರ ಕೈಯಲ್ಲಿ ಮೊದಲ ಆಪರೇಷನ್ ಸರಿಯಾಗಿ ನಡೆಯುವುದೇ ಮುಂದಿನದಕ್ಕೆಲ್ಲ ಆಧಾರ.

ಕೊನೆಯದಾಗಿ ಮಾಡಬೇಕಾದದ್ದು ಇಷ್ಟು. ಒಂದು ಫೈಲು ಮಾಡಿ ಎಲ್ಲ ರಿಪೋರ್ಟನ್ನೂ ತಾರೀಖಿನ ಪ್ರಕಾರ ಇಟ್ಟುಕೋ. ಸಿಸ್ಟ್ ಬೆಳೆಯಿತೋ ಕುಗ್ಗಿತೋ ಅಂತ ಹೇಳುವುದು ಹಳೆಯ ಕಾಗದವೇ. ಮುಟ್ಟಿನ ದಿನ, ನೋವಿನ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕು. ಕೇಳಬೇಕಾದ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗು. ಡಾಕ್ಟರ ಮುಂದೆ ಕೂತಾಗ ನೆನಪಿಗೆ ಬರುವುದಿಲ್ಲ. ಜೊತೆಗೆ ಅಳುವವರನ್ನು ಬಿಟ್ಟು, ಕಿವಿಗೊಟ್ಟು ಕೇಳುವವರೊಬ್ಬರನ್ನು ಕರೆದುಕೊಂಡು ಹೋಗು. ಡಾಕ್ಟರು ಹೇಳಿದ ತಿಂಗಳಿನ ಮುಟ್ಟು ಮುಗಿದ ವಾರಕ್ಕೇ ಸ್ಕ್ಯಾನಿಂಗ್ ದಿನ ಗೊತ್ತುಮಾಡು, ಮನೆಗೆ ನೆಂಟರು ಬಂದರೂ ಆ ದಿನ ಮುಂದೆ ಹಾಕಬೇಡ.